ಲ್ಯಾಪ್‌ಟಾಪಿಗೆ ಕಿವಿ ಡಾಕ್ಟರು

ಎಲ್ಲದಕ್ಕೂ ಕಾರಣ ಒಂದು ಹಸು.

ಕುವೆಂಪುನಗರದ ಆ ಬೀದಿಯಲ್ಲಿ ಯಾರಿಗೆ ಸೇರಿದ್ದೆಂದು ಯಾರಿಗೂ ಗೊತ್ತಿಲ್ಲದ ಕೆಂಚು ಹಸುವೊಂದು ಓಡಾಡಿಕೊಂಡಿತ್ತು. ಅಂದು ಎರಡನೇ ಶನಿವಾರ. ಬೆಳಗ್ಗೆ ತಿಂಡಿಯ ಹೊತ್ತಿಗೆ ಅದು ಮಹದೇವಪ್ರಸಾದನ ಮನೆಯ ಗೇಟಿನೊಳಕ್ಕೆ ಕತ್ತು ತೂರಿಸಿ, ಅವನ ಅತ್ತೆ ಗಿರಿಜಾಂಬಾ ಅವರು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದ ದಾಸವಾಳದ ಗಿಡಕ್ಕೆ ಬಾಯಿ ಹಾಕಿತು. ಗಿರಿಜಾಂಬಾ ನಡುಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಅಳಿಯನ ಲ್ಯಾಪ್‌ಟಾಪಿನಿಂದ ವಚನ ಕೇಳುತ್ತ ಕೂತಿದ್ದರು. ಕಿಟಕಿಯಲ್ಲಿ ಹಸು ಕಂಡದ್ದೇ ತಡ, "ಹೇಯ್, ನಿನ್ ಮನೆ ಕಾಯೋಗ!" ಎಂದು ಎದ್ದು ಓಡಿದರು.

ಹೆಡ್‌ಫೋನ್ ತಲೆಯ ಮೇಲೇ ಇತ್ತು. ಅವರ ಹಿಂದೆ ವೈರು ಹೊರಟಿತು, ವೈರಿನ ಹಿಂದೆ ಲ್ಯಾಪ್‌ಟಾಪೂ ಹೊರಟಿತು. ಇಡ್ಲಿ ತಿನ್ನುತ್ತಿದ್ದ ಮಹದೇವಪ್ರಸಾದ ತಟ್ಟೆ ಬಿಟ್ಟು ಹಾರಿ, ಮೇಜಿನ ಅಂಚಿನಲ್ಲಿ ಅದನ್ನು ಎರಡೂ ಕೈಯಲ್ಲಿ ಹಿಡಿದ. ಲ್ಯಾಪ್‌ಟಾಪು ಉಳಿಯಿತು. ಆದರೆ ಹೆಡ್‌ಫೋನಿನ ಪಿನ್ನು ಮುರಿಯಿತು. ಅದರ ತುದಿ ಲ್ಯಾಪ್‌ಟಾಪಿನ ಬಲಪಕ್ಕದ ಜ್ಯಾಕಿನ ತೂತಿನೊಳಗೇ ಉಳಿದುಬಿಟ್ಟಿತು.

ಇದು ಎಂಥ ಅನಾಹುತ ಎಂದು ತಿಳಿಯಬೇಕಾದರೆ ಅತ್ತೆಯ ಕಿವಿಯ ವಿಷಯ ತಿಳಿಯಬೇಕು. ಗಿರಿಜಾಂಬಾ ನಂಜನಗೂಡಿನಿಂದ ಮಗಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಬರುವಾಗಲೇ ಕಿವಿ ಮಂದ. ಜ್ವರ ಬಂದು ಹೋದ ಮೇಲೆ ಹೀಗಾಯಿತು, ಇನ್ನು ಇದು ಇಷ್ಟೇ ಎಂದು ಅವರೇ ತೀರ್ಪು ಕೊಟ್ಟುಕೊಂಡಿದ್ದರು. ಮಗಳು ಸುಷ್ಮಾ, "ಡಾಕ್ಟರಿಗೆ ತೋರಿಸೋಣ ಬಾರಮ್ಮ" ಎಂದು ಎಷ್ಟು ಸಲ ಕೂಗಿದರೂ, "ತೊಗರಿಬೇಳೇನಾ? ಡಬ್ಬೀಲೈತೆ ನೋಡು" ಎನ್ನುತ್ತಿದ್ದರು. ಅವರಿಗಾಗಿ ಟೀವಿಯನ್ನು ಎಷ್ಟು ಜೋರಾಗಿ ಹಾಕುತ್ತಿದ್ದರೆಂದರೆ, ಧಾರಾವಾಹಿಯ ಸೊಸೆ ಅತ್ತರೆ ಬಸ್ ಸ್ಟಾಪಿನಲ್ಲಿ ನಿಂತವರು ಅಯ್ಯೋ ಪಾಪ ಎನ್ನುತ್ತಿದ್ದರು. ಮನೆಯವರೆಲ್ಲ ಕೂಗಿಯೇ ಮಾತಾಡುತ್ತಿದ್ದರು. ಅಕ್ಕಪಕ್ಕದವರೂ ಗೇಟು ದಾಟಿದ ಕೂಡಲೇ ಅಭ್ಯಾಸಬಲದಿಂದ ಗಂಟಲು ಎತ್ತರಿಸುತ್ತಿದ್ದರು.

ಹೀಗಿರುವಾಗ ಬಂದದ್ದು ಲ್ಯಾಪ್‌ಟಾಪು. ಮಹದೇವಪ್ರಸಾದ ಕೆಲಸ ಮಾಡುತ್ತಿದ್ದುದು ದೇವರಾಜ ಮೊಹಲ್ಲಾದ ಒಂದು ಪಂಪ್‌ಸೆಟ್ ಕಂಪನಿಯ ಕಚೇರಿಯಲ್ಲಿ. ಅಲ್ಲಿನ ಮ್ಯಾನೇಜರ್ ಸುಂದರೇಶ, ಮಗಳನ್ನು ಧಾರೆ ಎರೆದು ಕೊಡುವವರಂತೆ, ಬುದ್ಧಿಮಾತು ಹೇಳಿ ಹೇಳಿ ಅದನ್ನು ಅವನ ಕೈಗೆ ಒಪ್ಪಿಸಿದ್ದರು. ಒಂದು ಭಾನುವಾರ ಮಹದೇವಪ್ರಸಾದ ಸುಮ್ಮನೆ ತಮಾಷೆಗೆ ಅದಕ್ಕೆ ವಚನದ ಸೀಡಿ ಹಾಕಿ, ಹೆಡ್‌ಫೋನನ್ನು ಅತ್ತೆಯ ಕಿವಿಗಿಟ್ಟು, ಸದ್ದನ್ನು ಪೂರ್ತಿ ಏರಿಸಿದ.

ಗಿರಿಜಾಂಬಾ ಅವರ ಕಣ್ಣು ಅಗಲವಾಯಿತು. ಬಾಯಿ ತೆರೆಯಿತು. ಎಷ್ಟೋ ಹೊತ್ತು ಅಲುಗಾಡಲಿಲ್ಲ.

"ಅಳಿಯಂದ್ರೇ," ಎಂದು ಕೊನೆಗೆ ಕೂಗಿದರು, "ಹಾಡೋರು ನನ್ ತಲೆಯೊಳಗೇ ಬಂದು ಕೂತವ್ರೆ!"

ಅಂದಿನಿಂದ ದಿನಾ ಸ್ನಾನವಾದ ಮೇಲೆ ಅವರು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕೈಮುಗಿಯುತ್ತಿದ್ದರು. ಮಹದೇವಪ್ರಸಾದ ಕಚೇರಿಗೆ ಹೋಗುವ ಮುಂಚೆ ಅದನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದ. ಅವನಿಗೂ ಆ ಯಂತ್ರದ ಮೇಲೆ ಭಕ್ತಿ ಹುಟ್ಟಿತ್ತು. ಏಕೆಂದರೆ ಟೀವಿ ಬಾಯಿ ಮುಚ್ಚಿತ್ತು, ಮನೆಗೆ ಮನೆಯೇ ಗವಿಯಂತೆ ಶಾಂತವಾಗಿತ್ತು. ಫ್ರಿಜ್ಜಿನ ಗುಯ್‌ಗುಟ್ಟುವಿಕೆ ಇಲ್ಲ, ಬೀದಿಯ ಸೊಪ್ಪಿನವಳ ಕೂಗಿಲ್ಲ. ಒಂದು ಹೆಡ್‌ಫೋನು ಇಷ್ಟೆಲ್ಲವನ್ನೂ ಹೇಗೆ ಅಡಗಿಸಿತು ಎಂದು ಅವನು ಬೆರಗಾಗಿ ಪೇಪರು ಓದುತ್ತ ಕೂರುತ್ತಿದ್ದ.

ಈಗ ಆ ಭಾಗ್ಯಕ್ಕೇ ಕುತ್ತು. ಸಾಲದ್ದಕ್ಕೆ ಮೊಬೈಲು ನಡುಗಿತು. ಸುಂದರೇಶರು. ಅವರ ಮಾತು ಎಂದಿನಂತೆ ಬಾವಿಯೊಳಗಿಂದ ಬಂದ ಹಾಗಿತ್ತು. ಮಹದೇವಪ್ರಸಾದ ಸಿಗ್ನಲ್ಲನ್ನು ಬೈದುಕೊಂಡು ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಸುಷ್ಮಾ ಕೇಳಿಸಿಕೊಂಡು ಹೇಳಿದಳು: "ಸೋಮವಾರ ಡೀಲರುಗಳ ಮೀಟಿಂಗಂತೆ. ಹೊಸ ಪಂಪಿನ ಫಿಲಮ್ ತೋರಿಸ್ಬೇಕಂತೆ. ಲ್ಯಾಪ್‌ಟಾಪಿನ ಸೌಂಡ್ ಚೆನ್ನಾಗಿ ಬರ್ತಿದೆ ತಾನೆ ಅಂತ ಕೇಳ್ತಿದಾರೆ."

"ಬರ್ತಿದೆ ಅನ್ನು," ಎಂದ ಮಹದೇವಪ್ರಸಾದ. ಹೇಳಿದ ಮೇಲೆ ಫಿಲಮ್ ಹಾಕಿ ನೋಡಿದ. ತೆರೆಯ ಮೇಲೆ ರೈತನೊಬ್ಬ ಪಂಪಿನ ಪಕ್ಕ ನಿಂತು ಬಾಯಿ ಆಡಿಸಿದ. ಒಂದಕ್ಷರ ಹೊರಬರಲಿಲ್ಲ. ಮುರಿದ ತುದಿ ಒಳಗಿರುವ ತನಕ ಹೆಡ್‌ಫೋನು ಚುಚ್ಚಿಯೇ ಇದೆ ಎಂದು ಯಂತ್ರ ನಂಬಿಕೊಂಡಿತ್ತು.

ಸುಷ್ಮಾ ರಿಪೇರಿ ಅಂಗಡಿಗೆ ಫೋನ್ ಮಾಡಿದಳು. ಬೋರ್ಡೇ ಬದಲಾಯಿಸಬೇಕು, ಸಾಮಾನು ಬೆಂಗಳೂರಿಂದ ಬರಬೇಕು, ವಾರಗಟ್ಟಲೆ ಆಗುತ್ತದೆ ಎಂದು ಅಲ್ಲಿಂದ ಉತ್ತರ ಬಂತು.

ಅಷ್ಟರಲ್ಲಿ ಎದುರುಮನೆಯ ನಿಂಗಯ್ಯ ಬಂದಾಗಿತ್ತು. ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತಿ ಇಳಿದು ನಿವೃತ್ತನಾದವನು. ತಂತಿ ಇರುವ ಎಲ್ಲ ವಸ್ತುವೂ ತನ್ನ ಸುಪರ್ದಿಗೆ ಸೇರಿದ್ದು ಎಂಬುದು ಅವನ ನಂಬಿಕೆ.

"ಇಷ್ಟೇ ತಾನೇ ಸಾ? ಇಂಥವು ಎಷ್ಟ್ ನೋಡಿಲ್ಲ ನಾನು! ಕೊಡಿ ಇಲ್ಲಿ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ, ಲ್ಯಾಪ್‌ಟಾಪನ್ನು ತಲೆಕೆಳಗು ಮಾಡಿ, ಬಿಕ್ಕಳಿಸುವ ಮಗುವಿನ ಬೆನ್ನಿಗೆ ಬಡಿಯುವಂತೆ ಬಡಿದ. ವಿಭೂತಿ ಉದುರಿತು, ಪಿನ್ನು ಉದುರಲಿಲ್ಲ. ಅಯಸ್ಕಾಂತ ಹಿಡಿದ. ಪಿನ್ನಿನ ಹಿತ್ತಾಳೆ ಅದಕ್ಕೆ ಸೊಪ್ಪು ಹಾಕಲಿಲ್ಲ. ಸದ್ದಿನ ಗುಂಡಿಯನ್ನು ಒತ್ತಿ ಒತ್ತಿ ಕೊನೆ ಮುಟ್ಟಿಸಿದ. ಏನೂ ಆಗಲಿಲ್ಲ. ಕೊನೆಗೆ ಬೆಂಕಿಕಡ್ಡಿಯ ತುದಿಗೆ ಅಂಟು ಸವರಿ, ಉಸಿರು ಬಿಗಿಹಿಡಿದು ತೂತಿಗೆ ಇಳಿಸಿದ.

"ಅಂಟ್ಕತ್ತು ಸಾ! ಅಂಗೇ ಎಳೆದ್ರೆ ಬಂದ್ಬುಡ್ತದೆ!"

ಎಳೆದ. ಕಡ್ಡಿ ಮುರಿಯಿತು. ಈಗ ತೂತಿನೊಳಗೆ ಪಿನ್ನು, ಪಿನ್ನಿನ ಬೆನ್ನಿಗೆ ಬೆಂಕಿಕಡ್ಡಿ.

"ಒಂದಿದ್ದದ್ದು ಎರಡಾಯ್ತಲ್ರೀ!" ಎಂದು ಮಹದೇವಪ್ರಸಾದ ತಲೆ ಹಿಡಿದುಕೊಂಡ.

"ಎರಡಾದ್ರೆ ಒಳ್ಳೇದೇ ಸಾ, ಹಿಡ್ಕೊಳಕ್ಕೆ ಜಾಗ ಜಾಸ್ತಿ ಆಯ್ತು," ಎಂದ ನಿಂಗಯ್ಯ.

ಕಾಂಪೌಂಡಿನ ಆಚೆಯಿಂದ ಎಲ್ಲವನ್ನೂ ನೋಡುತ್ತಿದ್ದ ಪಕ್ಕದ ಮನೆಯ ಪ್ರೇಮಮ್ಮ ಇನ್ನು ತಡೆಯಲಾರದೆ ಒಳಗೇ ಬಂದರು. "ನಮ್ಮ ಮೊಮ್ಮಗ ಮೂಗಿಗೆ ಕಡಲೆಬೀಜ ಹಾಕ್ಕೊಂಡಿದ್ನಲ್ಲ, ಆಗ ನಾವೂ ಹಿಂಗೇ ಆಡಿದ್ವಿ ಕಣ್ರೀ. ಕಡ್ಡಿ ಹಾಕಿದಷ್ಟೂ ಒಳಕ್ಕೆ ಹೋಯ್ತು. ಆಮೇಲೆ ಕಿವಿ ಮೂಗಿನ ಡಾಕ್ಟ್ರು ಒಂದು ಕೊಕ್ಕೆ ಹಾಕಿ ಕಣ್ಣು ಮಿಟುಕಿಸೋದ್ರೊಳಗೆ ತೆಗೆದ್ಬುಟ್ರು. ಅಂಥ ಸಣ್ಣ ಇಕ್ಕಳ ಇನ್ಯಾರತ್ರ ಇರ್ತದೆ? ಅಲ್ಲಿಗೇ ತಗೊಂಡೋಗಿ."

"ಲ್ಯಾಪ್‌ಟಾಪಿಗೆ ಕಿವಿ ಡಾಕ್ಟ್ರೇ?" ಎಂದು ಸುಷ್ಮಾ ನಕ್ಕಳು.

ಮಹದೇವಪ್ರಸಾದ ನಗಲಿಲ್ಲ. ಸೋಮವಾರದ ಸುಂದರೇಶರ ಮುಖ ಅವನ ಕಣ್ಣ ಮುಂದೆ ಬಂದಿತ್ತು.

ಸಂಜೆ ಕ್ಲಿನಿಕ್ಕು ತೆರೆಯುವ ಹೊತ್ತಿಗೆ ಮೆರವಣಿಗೆ ಹೊರಟಿತು. ಧೂಳು ತಾಗದಿರಲೆಂದು ಮಹದೇವಪ್ರಸಾದ ಲ್ಯಾಪ್‌ಟಾಪನ್ನು ಬಿಳಿ ಟವೆಲಿನಲ್ಲಿ ಸುತ್ತಿದ್ದ. "ತಪ್ಪು ನಂದು, ನಾನೂ ಬತ್ತೀನಿ" ಎಂದು ಹಟ ಹಿಡಿದ ಗಿರಿಜಾಂಬಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತರು. ತನ್ನ ಬೆಂಕಿಕಡ್ಡಿಯ ಗತಿ ಏನಾಗುತ್ತದೋ ನೋಡಲು ನಿಂಗಯ್ಯ ಮೊಪೆಡ್ಡಿನಲ್ಲಿ ಹಿಂಬಾಲಿಸಿದ.

ಕ್ಲಿನಿಕ್ಕು ಜನರಿಂದ ತುಂಬಿತ್ತು. ಗಾಜಿನ ಹಿಂದೆ ಚೀಟಿ ಬರೆಯುವ ಹುಡುಗಿ ತಲೆ ಎತ್ತದೆ ಏನೋ ಕೇಳಿದಳು. ಮಹದೇವಪ್ರಸಾದನಿಗೆ ಗಾಜಿನ ದೆಸೆಯಿಂದ ಏನೂ ತಿಳಿಯಲಿಲ್ಲ. ಮುಖವನ್ನು ಕಿಂಡಿಗೆ ಹಚ್ಚಿದ.

"ಎಡಗಿವಿನಾ, ಬಲಗಿವಿನಾ ಸಾರ್?"

"ಬಲಗಡೆ."

"ವಯಸ್ಸು?"

ಯಂತ್ರ ಬಂದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಿ, "ಒಂದು ವರ್ಷ ಆಗ್ತಾ ಬಂತು," ಎಂದ.

ಹುಡುಗಿ ಈಗ ತಲೆ ಎತ್ತಿದಳು. ಅವನ ಎದೆಗೆ ಒರಗಿದ್ದ ಬಿಳಿ ಟವೆಲಿನ ಗಂಟು ಕಂಡು ಅವಳ ಮುಖ ಕರಗಿತು. "ಹೆಸರೇನು ಪಾಪುಂದು?"

"ಹೆಸರಾ? ಇದಕ್ಕೆ ಹೆಸರಿಲ್ಲಮ್ಮ."

"ಒಂದು ವರ್ಷ ಆದ್ರೂ ನಾಮಕರಣ ಮಾಡಿಲ್ವಾ ಸಾರ್?" ಎಂದು ಹುಡುಗಿ ಗದರಿದಳು. "ಅದೂ ಹೋಗ್ಲಿ, ಹಂಗ್ಯಾಕೆ ಮುಖ ಮುಚ್ಚಿದೀರ? ಉಸಿರು ಕಟ್ಟಲ್ವಾ ಮಗೂಗೆ?"

ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ದಡಬಡಿಸಿ ಎದ್ದು ಬಂದು, ಒಬ್ಬರು ಟವೆಲು ಎಳೆದೇಬಿಟ್ಟರು. ಒಳಗೆ ಕರಿಯ ಮುಚ್ಚಳ, ಅದರ ಮೇಲೆ ಹೊರಡುವಾಗ ಅತ್ತೆ ಹೊಸದಾಗಿ ಎಳೆದಿದ್ದ ಮೂರು ವಿಭೂತಿ ಗೆರೆ. ಎಳೆದಾಕೆ ಕೈಬಿಟ್ಟು ಹಿಂದೆ ಸರಿದರು.

ಮಹದೇವಪ್ರಸಾದ ಎಲ್ಲವನ್ನೂ ವಿವರಿಸಿದ. ಯಂತ್ರಕ್ಕೆ ಚೀಟಿ ಕೊಡುವ ರೂಢಿ ಇಲ್ಲ ಎಂದು ಹುಡುಗಿ ಖಡಾಖಂಡಿತವಾಗಿ ಹೇಳಿದಳು. ಆಗ ನಿಂಗಯ್ಯ ಗಿರಿಜಾಂಬಾ ಅವರನ್ನು ಮುಂದಕ್ಕೆ ತಂದು ನಿಲ್ಲಿಸಿ, "ಇವ್ರ ಹೆಸರಲ್ಲಿ ಬರ್ಕೊಳಮ್ಮ, ಇವ್ರಿಗೆ ಕಿವಿ ಇಲ್ವಾ?" ಎಂದ. ಹುಡುಗಿ ಚೀಟಿ ಬರೆದುಕೊಟ್ಟಳು.

ಡಾಕ್ಟರ್ ವಿಜಯ್‌ಕುಮಾರ್ ಹಣೆಗೆ ಗುಂಡು ಕನ್ನಡಿ ಕಟ್ಟಿಕೊಂಡ ದಪ್ಪ ದನಿಯ ಮನುಷ್ಯ. ಬಯ್ಯುತ್ತಾರೇನೋ ಎಂದು ಮಹದೇವಪ್ರಸಾದ ಹೆದರಿ ಹೆದರಿ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟ. ಡಾಕ್ಟರು ಬಯ್ಯಲಿಲ್ಲ. ಕನ್ನಡಿಯ ಬೆಳಕನ್ನು ಜ್ಯಾಕಿಗೆ ಬಿಟ್ಟು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ನೋಡುತ್ತಲೇ ಇದ್ದರು.

"ಆಹಾ," ಎಂದರು ಕೊನೆಗೆ. "ಎಂಥ ಶುದ್ಧವಾದ ಕಿವಿ ಕಣ್ರೀ ಇದು! ಕೂದಲಿಲ್ಲ, ಕೀವಿಲ್ಲ. ಒಳಗೆ ಬಂಗಾರದ ಬಣ್ಣದ ನರಗಳು! ಜೀವಮಾನವೆಲ್ಲ ತೂತು ನೋಡಿದೀನಿ, ಇಂಥದ್ದು ನೋಡಿಲ್ಲ. ಆದ್ರೆ ಈ ಸೌದೆ ಯಾರು ಹಾಕಿದ್ದು?"

ನಿಂಗಯ್ಯ ಗೋಡೆಯ ಮೇಲಿದ್ದ ಮೂಗಿನ ಚಿತ್ರವನ್ನು ಶ್ರದ್ಧೆಯಿಂದ ನೋಡತೊಡಗಿದ.

ಡಾಕ್ಟರು ಫಿಲಮ್ ಹಾಕಿ ಬಿಡಲು ಹೇಳಿದರು, ಗುಣವಾದದ್ದು ಗೊತ್ತಾಗಲಿ ಎಂದು. ಹುಲ್ಲಿನ ಎಳೆಯಂಥ ಇಕ್ಕಳ ತೆಗೆದುಕೊಂಡು ಬಗ್ಗಿದರು. ಬಾಗಿಲಲ್ಲಿ ರೋಗಿಗಳು ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ನೆಗಡಿಯವರು ಮೂಗೇರಿಸುವುದನ್ನೂ ನಿಲ್ಲಿಸಿದರು. ಮೊದಲು ಬೆಂಕಿಕಡ್ಡಿ ಬಂತು. ಆಮೇಲೆ ಡಾಕ್ಟರು ಸೂಜಿಗಿಂತ ಸಣ್ಣ ಕೊಕ್ಕೆ ಇಳಿಸಿ, ತಿರುಗಿಸಿ, ಮೆಲ್ಲಗೆ, ಬಹಳ ಮೆಲ್ಲಗೆ ಎಳೆದರು.

"ರೈತ ಬಾಂಧವರೇ!" ಎಂದು ಲ್ಯಾಪ್‌ಟಾಪು ಕಿರುಚಿತು.

ಬೆಳಗ್ಗೆ ನಿಂಗಯ್ಯ ಏರಿಸಿಟ್ಟಿದ್ದ ಸದ್ದು ಅದು. ಬಾಗಿಲಲ್ಲಿದ್ದವರು ಒಂದೇ ಸಲ ಹಿಂದಕ್ಕೆ ಬಿದ್ದರು. ಹುಡುಗಿಯ ಕೈಯಿಂದ ಚೀಟಿಗಳು ಹಾರಿದವು. "ಬಂತು! ಸೌಂಡ್ ಬಂತು!" ಎಂದು ಮಹದೇವಪ್ರಸಾದ ಡಾಕ್ಟರ ಕೈಯನ್ನು ಕಣ್ಣಿಗೊತ್ತಿಕೊಂಡ. ತಟ್ಟೆಯಲ್ಲಿ ಬಿದ್ದಿದ್ದ ಅಕ್ಕಿಕಾಳಿನಷ್ಟು ಪಿನ್ನನ್ನು ಎಲ್ಲರೂ ಸರದಿಯಲ್ಲಿ ಬಂದು ನೋಡಿಹೋದರು, ತೀರ್ಥಕ್ಕೆ ಬಂದವರಂತೆ.

ಅಷ್ಟು ಗದ್ದಲದಲ್ಲೂ ಬೆಚ್ಚದೆ ಕೂತಿದ್ದವರು ಗಿರಿಜಾಂಬಾ ಒಬ್ಬರೇ. ಡಾಕ್ಟರ ಕಣ್ಣು ಚೀಟಿಯ ಮೇಲೆ ಬಿತ್ತು, ಆಮೇಲೆ ಅವರ ಮೇಲೆ ಬಿತ್ತು. "ಚೀಟಿ ಇವರ ಹೆಸರಲ್ಲಿದೆ. ಬನ್ನಿ ತಾಯಿ, ಬಂದದ್ದು ಬಂದಿದೀರ, ನಿಮ್ಮದನ್ನೂ ನೋಡೇಬಿಡ್ತೀನಿ."

ಕನ್ನಡಿಯ ಬೆಳಕು ಗಿರಿಜಾಂಬಾ ಅವರ ಕಿವಿಗೆ ಹೊಕ್ಕಿತು. ಜ್ವರದ ಕತೆ ಕೇಳಿದ ಡಾಕ್ಟರು ಹುಬ್ಬೇರಿಸಿದರು. "ಜ್ವರಾನೂ ಇಲ್ಲ, ಗಿರಾನೂ ಇಲ್ಲ. ಗುಗ್ಗೆ ಕಲ್ಲಾಗಿ ಕೂತಿದೆ ಅಷ್ಟೇ." ದಪ್ಪ ಸಿರಿಂಜಿನಲ್ಲಿ ಬೆಚ್ಚನೆಯ ನೀರು ಬಿಟ್ಟರು, ಮೆತ್ತಗಾಗಲು ಬಿಟ್ಟರು, ಕೊಕ್ಕೆ ಹಾಕಿದರು, ಮತ್ತೆ ನೀರು ಬಿಟ್ಟರು. ಒಂದು ಕಿವಿಯಿಂದ ಹುಣಸೆಬೀಜದಂಥದ್ದೊಂದು ಬಂದು ತಟ್ಟೆಗೆ ಬಿತ್ತು. ಇನ್ನೊಂದರಿಂದ ಅದರ ಅಣ್ಣ ಬಂದ.

ಗಿರಿಜಾಂಬಾ ಕುರ್ಚಿಯ ಕೈ ಹಿಡಿದು ಕೂತೇ ಇದ್ದರು. ಮೂಲೆಯ ತೊಟ್ಟಿಯಲ್ಲಿ ನಲ್ಲಿಯ ನೀರು ತೊಟ್ಟಿಕ್ಕುತ್ತಿತ್ತು. ಅವರು ಕತ್ತನ್ನು ನಿಧಾನವಾಗಿ ಅತ್ತ ಹೊರಳಿಸಿದರು. ಒಂದು ತೊಟ್ಟು ಬಿತ್ತು. ಅವರ ಮೈ ಜುಮ್ಮೆಂದಿತು. ಇನ್ನೊಂದು ಬಿತ್ತು.

"ನೀರು..." ಎಂದರು. ತಮ್ಮ ದನಿ ತಮಗೇ ಕೇಳಿ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಮತ್ತೆ ಪಿಸುಮಾತಿನಲ್ಲಿ, "ಅಯ್ಯೋ ಶಿವನೇ, ಇಷ್ಟ್ ದಿನ ನಾನು ಅಷ್ಟು ಜೋರಾಗಿ ಕಿರುಚ್ತಿದ್ನಾ?" ಎಂದರು.

ನಿಂಗಯ್ಯನಂಥ ನಿಂಗಯ್ಯನೂ ದನಿ ತಗ್ಗಿಸಿ ಏನೋ ಅಂದ. ಮಹದೇವಪ್ರಸಾದನಿಗೆ ಅವರಿಬ್ಬರ ತುಟಿಗಳಷ್ಟೇ ಅಲುಗಿದಂತೆ ಕಂಡಿತು. ಇಂಥ ದೊಡ್ಡ ಗಳಿಗೆಯಲ್ಲಿ ಮನುಷ್ಯರ ದನಿಯೇ ಉಡುಗಿಹೋಗುತ್ತದಲ್ಲ ಎಂದುಕೊಂಡು ಅವನೂ ಕಣ್ಣೊರೆಸಿಕೊಂಡ.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಬೆನ್ನು ತಟ್ಟಿ ಸ್ಕೂಟರು ನಿಲ್ಲಿಸಿದರು. ರಸ್ತೆಯ ಬದಿಯಲ್ಲಿ ಒಂದು ದೊಡ್ಡ ಮಳೆಮರ. ಹೊತ್ತು ಮುಳುಗುತ್ತಿತ್ತು. ಊರಿನ ಮೈನಾ ಹಕ್ಕಿಗಳೆಲ್ಲ ಅದರೊಳಗೆ ರಾತ್ರಿಗೆ ಜಾಗ ಹಿಡಿಯುತ್ತಿದ್ದವು. ಗಿರಿಜಾಂಬಾ ಇಳಿದು ಮರದ ಕೆಳಗೆ ನಿಂತು ಮುಖ ಮೇಲೆತ್ತಿದರು. ಸೆರಗಿನ ತುದಿ ಕೈಯಲ್ಲಿ ಹಾಗೇ ಉಳಿಯಿತು. ಕಣ್ಣಿಂದ ನೀರು ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ. ಅಷ್ಟು ವಯಸ್ಸಿನ ಮುಖ ಅದೇ ಆಗ ಹುಟ್ಟಿದ ಮಗುವಿನ ಮುಖದ ಹಾಗಾಗಿತ್ತು. ಲೋಕವನ್ನು ಹೀಗೆ ನೋಡುವ ಮನುಷ್ಯರನ್ನು ಮಹದೇವಪ್ರಸಾದ ಹಿಂದೆಂದೂ ಕಂಡಿರಲಿಲ್ಲ. ಅವನೂ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಪಕ್ಕದಲ್ಲಿ ಕೈಕಟ್ಟಿ ನಿಂತ.

ಅತ್ತೆ ಅವನ ಕಡೆ ತಿರುಗಿ ಏನೋ ಕೇಳಿದರು. "ಹೂಂ, ಹೂಂ," ಎಂದ. ಮರ ಎಷ್ಟು ಗಂಭೀರವಾಗಿದೆ, ಎಷ್ಟು ಮೌನವಾಗಿದೆ ಎಂದು ಅವನಿಗೂ ಎದೆ ತುಂಬಿಬಂದಿತ್ತು.

ಮನೆಯಲ್ಲಿ ಸುಷ್ಮಾ ಅಮ್ಮನನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ತಾಯಿ ಮಗಳು ಸೋಫಾದ ಮೂಲೆಯಲ್ಲಿ ಕೂತು ಪಿಸುಗುಟ್ಟತೊಡಗಿದರು. ಗಿರಿಜಾಂಬಾ ಟೀವಿ ಹಾಕಿಸಿ, ಕಿವಿ ನೋಯುತ್ತದೆಂದು ಸದ್ದು ಕಡಿಮೆ ಮಾಡಿಸಿ, ಇನ್ನೂ ಕಡಿಮೆ ಮಾಡಿಸಿದರು. ಲ್ಯಾಪ್‌ಟಾಪಿನ ಸದ್ದನ್ನೂ ಸುಷ್ಮಾ ಅರ್ಧಕ್ಕಿಂತ ಕೆಳಗಿಳಿಸಿಟ್ಟಳು. ಮಹದೇವಪ್ರಸಾದ ಆರಾಮಕುರ್ಚಿಯಲ್ಲಿ ಕಾಲು ಚಾಚಿದ. ಇನ್ನು ಹೆಡ್‌ಫೋನೂ ಬೇಡ, ಏನೂ ಬೇಡ. ಜೀವನಪರ್ಯಂತ ಶಾಂತಿ!

ಮಲಗುವ ಮುಂಚೆ ಇರಲಿ ಎಂದು ಇನ್ನೊಂದು ಸಲ ಫಿಲಮ್ ಹಾಕಿ ನೋಡಿದ.

ರೈತ ಬಾಯಿ ಆಡಿಸಿದ. ಸದ್ದಿಲ್ಲ.

ಮಹದೇವಪ್ರಸಾದ ಲ್ಯಾಪ್‌ಟಾಪಿನ ಮೇಲೆ ಬಗ್ಗಿದ. ಆರಿಸಿ ಮತ್ತೆ ಹಾಕಿದ. ಇಲ್ಲ. ಜ್ಯಾಕಿನೊಳಕ್ಕೆ ಉಫ್ ಎಂದು ಊದಿದ. ಇಲ್ಲ. ತಲೆಕೆಳಗು ಮಾಡಿ ಬಡಿದ. "ಡಾಕ್ಟ್ರು ಏನೋ ಒಳಗೇ ಬಿಟ್ಟಿದಾರೆ! ನಿಂಗಯ್ಯನವರನ್ನ ಕರೀ!" ಎಂದು ಅರಚಿದ.

ನಿಂಗಯ್ಯ ಓಡಿಬಂದ. ಅವನ ಹಿಂದೆಯೇ ಪ್ರೇಮಮ್ಮ ಬಂದರು. ನಾಲ್ಕು ಜನ ಲ್ಯಾಪ್‌ಟಾಪಿನ ಸುತ್ತ ಬಗ್ಗಿದರು. ಮಹದೇವಪ್ರಸಾದ ಫಿಲಮ್ ಹಾಕಿ, "ನೋಡಿ! ಒಂದಕ್ಷರ ಬರ್ತಿಲ್ಲ! ಸೋಮವಾರ ನನ್ ಕತೆ ಮುಗೀತು!" ಎಂದ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ನಿಂಗಯ್ಯ ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿ ಏನೋ ಹೇಳಿದ. ಪ್ರೇಮಮ್ಮ ತಲೆಯಾಡಿಸಿ ಏನೋ ಹೇಳಿದರು. ಸುಷ್ಮಾಳ ತುಟಿ ಅಲುಗಿತು.

"ಎಲ್ಲಾ ಯಾಕೆ ಗುಸುಗುಸು ಮಾಡ್ತಿದೀರ? ಬಾಯಿ ಬಿಟ್ಟು ಹೇಳಿ!"

ಗಿರಿಜಾಂಬಾ ಮೆಲ್ಲನೆ ಎದ್ದು ಅಳಿಯನ ಬೆನ್ನ ಹಿಂದೆ ಹೋಗಿ ನಿಂತರು. ತಮ್ಮ ಹೊಸ ದನಿಯಲ್ಲಿ, ಮಿತವಾಗಿ, ಮೃದುವಾಗಿ ಕರೆದರು: "ಅಳಿಯಂದ್ರೇ."

ಮಹದೇವಪ್ರಸಾದ ಜ್ಯಾಕಿಗೆ ಊದುತ್ತಲೇ ಇದ್ದ.

"ಅಳಿಯಂದ್ರೇ," ಇನ್ನೊಂದು ಸಲ ಕರೆದರು.

ಅವನು ತಿರುಗಲಿಲ್ಲ. ಸುಷ್ಮಾ ಅಮ್ಮನ ಮುಖ ನೋಡಿದಳು. ಹೆಡ್‌ಫೋನು ಬರುವ ತನಕ ದಿನಾ ಆ ಟೀವಿಯ ಎದುರಿಗೇ ಕೂತು ಆ ಮನುಷ್ಯ ಪೇಪರು ಓದಿದ್ದ. ಮನೆಯವರೆಲ್ಲ ಅತ್ತೆಗೆಂದು ಕೂಗಿದ ಮಾತಿನ ನೆರಳಿನಲ್ಲಿ ಅವನ ಕಿವಿ ಯಾವಾಗ ಅಸ್ತಮಿಸಿತೋ ಯಾರಿಗೂ, ಅವನಿಗೂ, ತಿಳಿದಿರಲಿಲ್ಲ.

ಗಿರಿಜಾಂಬಾ ನಿಟ್ಟುಸಿರುಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅಳಿಯನ ಬಲಗಿವಿಯ ಹತ್ತಿರ ಬಗ್ಗಿ, ಎದೆ ತುಂಬ ಉಸಿರೆಳೆದುಕೊಂಡು, ಬೀದಿಯ ದೀಪದ ಕಂಬವೂ ಅದುರುವಂತೆ ಕೂಗಿದರು:

"ಪೆಟ್ಟಿಗೆ ಸರಿಯಾಗೈತೆ, ಅಳಿಯಂದ್ರೇ! ಕೆಟ್ಟೋಗಿರೋದು ನೀವು!"

ಆ ಸಂಜೆ ಮನೆಯಲ್ಲಿ ಆಡಿದ ಅಷ್ಟು ಮಾತಿನಲ್ಲಿ ಮಹದೇವಪ್ರಸಾದನಿಗೆ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ.